ಓಲೆಯಿಂದ ಪತ್ರಿಕೆಗೆ: ಕನ್ನಡ ಸಂಶೋಧನೆ ಕಂಡ ವೇದಿಕೆಗಳು

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸದಸ್ಯರೊಬ್ಬರ ಮಗಳು ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. ಅಮೆರಿಕೆಯಲ್ಲಿಯೇ ಹುಟ್ಟಿ ಬೆಳೆದವಳು. ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಡಾಕ್ಟರೇಟ್ ಪದವಿಗಾಗಿ ಓದುತ್ತಿರುವವಳು. ಹಳಗನ್ನಡದ ಪದ್ಯವನ್ನು ನಮಗಿಂತ ಸಲೀಸಾಗಿ ಅನ್ವಯಿಸಬಲ್ಲವಳು. "ಅಂಕಲ್, ಕನ್ನಡದಲ್ಲಿಯೇ ಒಂದು ಪ್ರಬಂಧ ಬರೆದಿದ್ದೇನೆ. ಅದನ್ನು ಎಲ್ಲಿ ಓದಲಿ? ಯಾರಿಗೆ ಕಳಿಸಲಿ?" ಎಂದಳು. ಕೈಯಲ್ಲಿ ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ಆ ಕ್ಷಣಕ್ಕೆ ತೋಚಿದ ಒಂದೆರಡು ಹೆಸರುಗಳನ್ನು ಹೇಳಿದೆವು. ಮನೆಗೆ ಬಂದ ಮೇಲೆ ಆ ಉತ್ತರ ನಮಗೇ ಸಾಲದೆನಿಸಿತು. ಇಂದಿನ ಉಪನ್ಯಾಸವನ್ನು ಆಕೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ತಾವು ಭಾವಿಸಬಹುದು.

ನಾವು ವೃತ್ತಿಯಿಂದ ವೈದ್ಯರು, ಸಾಹಿತ್ಯದ ವಿದ್ವಾಂಸರಲ್ಲ. ಆದರೆ ನಮ್ಮ ವೃತ್ತಿಯಲ್ಲಿ ಒಂದು ಒಳ್ಳೆಯ ರೂಢಿಯಿದೆ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ರೆಸಿಡೆನ್ಸಿಗೆಂದು ಬಂದ ಮೊದಲ ವರ್ಷವೇ ನಮ್ಮಿಂದ ಒಂದು ಅಪರೂಪದ ರೋಗಿಯ ವಿವರವನ್ನು ಬರೆಯಿಸಿದರು. ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು. ಅದರ ಪಕ್ಕದಲ್ಲಿ ನಮ್ಮನ್ನು ಟೈ ಕಟ್ಟಿಸಿ ನಿಲ್ಲಿಸಿದರು. ಹೋಗಿ ಬರುವವರೆಲ್ಲ ಪ್ರಶ್ನೆ ಕೇಳುತ್ತಿದ್ದರು. ಅರ್ಧಕ್ಕರ್ಧ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಎರಡು ಗಂಟೆಯಲ್ಲಿ ಕಲಿತಷ್ಟನ್ನು ನಾವು ಎಷ್ಟೋ ತಿಂಗಳ ಓದಿನಲ್ಲಿ ಕಲಿಯಲಿಲ್ಲ. ಕನ್ನಡದ ಸಂಶೋಧಕನಿಗೆ ಅಂಥ ಗೋಡೆ ಎಲ್ಲಿತ್ತು, ಯಾರು ಕಟ್ಟಿದರು, ಯಾವಾಗ ಕುಸಿಯಿತು ಎಂಬುದೇ ನಮ್ಮ ಇಂದಿನ ವಿಷಯ.

ಮೊದಲ ಗೋಡೆ ನಮ್ಮ ನಾಡಿನಲ್ಲಿ ಇರಲಿಲ್ಲ. 1824ರ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು ತಮಗೆಲ್ಲ ಗೊತ್ತು. ಅಂದು ಚೆನ್ನಮ್ಮನವರ ಕಡೆಯವರು ಸೆರೆಹಿಡಿದು ಆಮೇಲೆ ಬಿಡುಗಡೆ ಮಾಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬನು. ಇವನು ಮುಂದೆ ಧಾರವಾಡದ ಸೀಮೆಯಲ್ಲಿ ಊರೂರು ತಿರುಗಿ ನೂರಾರು ಶಾಸನಗಳ ಪ್ರತಿ ತೆಗೆಸಿದ. ಅವುಗಳ ಆಧಾರದ ಮೇಲೆ ಚಾಲುಕ್ಯ ಮೊದಲಾದ ವಂಶಗಳ ಚರಿತ್ರೆಯನ್ನು ಬರೆದ. ಆ ಪ್ರಬಂಧ ಅಚ್ಚಾದದ್ದು 1837ರಲ್ಲಿ, ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ. ಕಲ್ಲು ನಮ್ಮ ಊರಿನ ಗುಡಿಯ ಮುಂದೆ, ಅದರ ಅರ್ಥ ಥೇಮ್ಸ್ ನದಿಯ ದಂಡೆಯ ಮೇಲೆ! ಎಲಿಯಟ್‌ನ ಶ್ರಮವನ್ನು ನಾವು ಕೀಳುಗಳೆಯುತ್ತಿಲ್ಲ. ಆ ಪ್ರತಿಗಳನ್ನು ತೆಗೆದುಕೊಟ್ಟ, ಓದಿ ಹೇಳಿದ ಸ್ಥಳೀಯ ಪಂಡಿತರು ಆ ಸಭೆಯಲ್ಲಿ ಕೂತು ಪ್ರಶ್ನೆ ಕೇಳುವ ಸಂಭವವೇ ಇರಲಿಲ್ಲ ಎಂಬುದಷ್ಟೇ ನಮ್ಮ ಮಾತು.

1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬಯಿಯಲ್ಲಿ ಆರಂಭಿಸಿದ 'ಇಂಡಿಯನ್ ಆಂಟಿಕ್ವೆರಿ' ಎಂಬ ಮಾಸಪತ್ರಿಕೆ ಈ ಸ್ಥಿತಿಯನ್ನು ತಕ್ಕಮಟ್ಟಿಗೆ ಬದಲಿಸಿತು. ಅದರ ಹಳೆಯ ಸಂಪುಟಗಳನ್ನು ತೆರೆದು ನೋಡುವುದು ಇಂದಿಗೂ ಒಂದು ಸುಖ. ದೊಡ್ಡ ಲೇಖನಗಳ ನಡುವೆ ಅರ್ಧ ಪುಟದ ಟಿಪ್ಪಣಿ, ಒಂದು ಪ್ರಶ್ನೆ, ಹಿಂದಿನ ಸಂಚಿಕೆಯ ತಪ್ಪಿಗೆ ಒಂದು ತಿದ್ದುಪಡಿ. ಯಾರೋ ಒಬ್ಬ ಪಾದ್ರಿ, ಯಾರೋ ಒಬ್ಬ ಇಂಜಿನಿಯರು, ಯಾರೋ ಒಬ್ಬ ಶಾಲಾ ಮಾಸ್ತರು, ಎಲ್ಲರೂ ಒಂದೇ ಅಂಗಳದಲ್ಲಿ. ನಿಘಂಟುಕಾರ ಕಿಟೆಲ್ ಹಳಗನ್ನಡ ಸಾಹಿತ್ಯವನ್ನು ಕುರಿತು ಅಲ್ಲಿ ಬರೆದರು. ಜೆ. ಎಫ್. ಫ್ಲೀಟ್ ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳನ್ನು ಸಾಲಾಗಿ ಪ್ರಕಟಿಸಿದ್ದೂ ಅಲ್ಲಿಯೇ. ಅದೇ ಫ್ಲೀಟ್ 1885ರಲ್ಲಿ ಕೆಲವು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಇತ್ತು, ಹಲಗಲಿಯ ಬೇಡರ ಲಾವಣಿಯೂ ಇತ್ತು. ತನ್ನ ಸರಕಾರದ ವಿರುದ್ಧ ಬಂಡೆದ್ದವರ ಹಾಡನ್ನು ಅದೇ ಸರಕಾರದ ಅಧಿಕಾರಿಯೊಬ್ಬ ಕೂತು ಬರೆದುಕೊಂಡು ಜೋಪಾನ ಮಾಡಿದ ಈ ಪ್ರಸಂಗ ನಮಗೆ ಸದಾ ಕುತೂಹಲದ್ದು.

ಇಲ್ಲಿಯೇ ಭಾರತೀಯ ವಿದ್ವಾಂಸರೂ ಸಮಾನ ನೆಲೆಯಲ್ಲಿ ನಿಂತು ವಾದ ಮಾಡತೊಡಗಿದರು. ಬೆಳಗಾವಿಯಲ್ಲಿ ಮಾಸ್ತರಾಗಿದ್ದು ಮುಂದೆ ಪುಣೆಗೆ ಹೋದ ಕೆ. ಬಿ. ಪಾಠಕರು 1898ರಲ್ಲಿ 'ಕವಿರಾಜಮಾರ್ಗ'ವನ್ನು ಸಂಪಾದಿಸಿ, ಅದರ ಕರ್ತೃ ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನೇ ಎಂದರು. ಫ್ಲೀಟ್ 1904ರಲ್ಲಿ ಅದನ್ನು ಒಪ್ಪದೆ ಅದೇ ಆಂಟಿಕ್ವೆರಿಯಲ್ಲಿ ಬರೆದ. ಮುಂದೆ ಈ ಚರ್ಚೆ ಕನ್ನಡ ಪತ್ರಿಕೆಗಳಿಗೆ ಇಳಿದು ದಶಕಗಟ್ಟಲೆ ನಡೆಯಿತು. 1968ರಲ್ಲಿ ಎಂ. ವಿ. ಸೀತಾರಾಮಯ್ಯನವರು ಆ ಗ್ರಂಥವನ್ನು ಶ್ರೀವಿಜಯನ ಹೆಸರಿನಲ್ಲಿಯೇ ಸಂಪಾದಿಸಿದರು, ಇಂದು ಬಹುಮಂದಿ ವಿದ್ವಾಂಸರ ಒಲವು ಆ ಕಡೆಗೇ ಇದೆ. ಒಂದು ಪುಸ್ತಕ ಯಾರದೆಂದು ತಿಳಿಯಲು ಎಪ್ಪತ್ತು ವರ್ಷ! ವೈದ್ಯರಿಗೆ ಇದು ನಗೆ ತರಿಸಬಹುದು. ಆದರೆ ಪಾಠಕರ ಮಾತಿಗೆ ಉತ್ತರ ಹೇಳಲು ಒಂದು ಪತ್ರಿಕೆ ಇಲ್ಲದೇ ಹೋಗಿದ್ದರೆ ಮೊದಲು ಹೇಳಿದ್ದೇ ವೇದವಾಕ್ಯವಾಗಿ ನಿಲ್ಲುತ್ತಿತ್ತು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದಾಗಲೂ, 1909ರಲ್ಲಿ ಮೂಲಗ್ರಂಥ ಅಚ್ಚಾಗುವ ಮೊದಲೇ, 1905ರಿಂದ ಅದರ ಅನುವಾದದ ಭಾಗಗಳು ಜಗತ್ತಿಗೆ ಕಂಡದ್ದು ಈ ಪತ್ರಿಕೆಯಲ್ಲಿಯೇ.

ಇಷ್ಟೆಲ್ಲ ಆದರೂ ಮಾತು ಇಂಗ್ಲಿಷಿನದು. ಕನ್ನಡದ ವಿಷಯವನ್ನು ಕನ್ನಡಿಗರು ಕನ್ನಡದಲ್ಲಿ ಚರ್ಚಿಸಲು ಅಂಗಳ ಬೇಕಾಗಿತ್ತು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1896ರಲ್ಲಿ ಅದರ 'ವಾಗ್ಭೂಷಣ' ಪತ್ರಿಕೆ ಬಂತು. 1907ರಲ್ಲಿ ಆಲೂರ ವೆಂಕಟರಾಯರ ಉತ್ಸಾಹದಿಂದ ಅಲ್ಲಿ ಗ್ರಂಥಕರ್ತರ ಸಮ್ಮೇಳನ ನಡೆಯಿತು. 1911ರಲ್ಲಿ, ಇನ್ನೂ ಮೂವತ್ತು ತುಂಬದ ಬಿ. ಎಂ. ಶ್ರೀಕಂಠಯ್ಯನವರು ಮೈಸೂರು ಸಂಸ್ಥಾನದಿಂದ ಮುಂಬಯಿ ಇಲಾಖೆಯ ಧಾರವಾಡಕ್ಕೆ ಬಂದು 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸ ಮಾಡಿದರು. ಅದೂ ಒಂದು ಅತಿಥಿ ಉಪನ್ಯಾಸವೇ! ಒಂದು ಸಂಘ, ಒಬ್ಬ ಪರವೂರ ಅತಿಥಿ, ಕೇಳಲು ಬಂದ ಕೆಲವು ಮಂದಿ. ಅಂಥ ಒಂದು ಸಂಜೆಯ ಮಾತನ್ನು ನಾವು ನೂರು ವರ್ಷ ದಾಟಿದ ಮೇಲೂ ನೆನೆಯುತ್ತಿದ್ದೇವೆ. ನಮ್ಮ ಸಂಘದ ಉಪನ್ಯಾಸಗಳಿಗೆ ಬರುವವರು ಇಪ್ಪತ್ತೈದೇ ಜನ ಎಂದು ಕಾರ್ಯದರ್ಶಿಗಳು ಬೇಸರಪಡಬೇಕಾಗಿಲ್ಲ.

1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾದದ್ದು, ಮರುವರ್ಷ ಅದರ ಪತ್ರಿಕೆ ಹೊರಟದ್ದು, 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು 'ಪ್ರಬುದ್ಧ ಕರ್ನಾಟಕ'ವನ್ನು ತಂದದ್ದು, ಇವೆಲ್ಲ ತಾವು ಬಲ್ಲ ಸಂಗತಿಗಳು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ತೆರೆದದ್ದು 1927ರಲ್ಲಿ. ಎಂದರೆ ಕನ್ನಡದ ವಿದ್ವತ್ ಪತ್ರಿಕೆಗಳು ಕನ್ನಡದ ಎಂ.ಎ. ಪದವಿಗಿಂತ ಹಿರಿಯವು. ಪದವಿಯಿಂದ ಸಂಶೋಧನೆ ಹುಟ್ಟಿತೆಂದು ತಿಳಿಯುವ ಇಂದಿನ ತರುಣರು ಈ ಕ್ರಮವನ್ನು ಗಮನಿಸಬೇಕು.

ಈ ಮಾತಿಗೆ ಫ. ಗು. ಹಳಕಟ್ಟಿಯವರಿಗಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ಅವರ ವಿಷಯದಲ್ಲಿ ಸ್ವಲ್ಪ ನಿಧಾನಿಸಲು ಅಪ್ಪಣೆ ಬೇಡುತ್ತೇವೆ. ನಮ್ಮ ಅಜ್ಜನವರು ವಿಜಾಪುರ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಿದ್ದರು. ಅವರ ಮನೆಯ ಅಟ್ಟದ ಮೇಲೆ 'ಶಿವಾನುಭವ' ಪತ್ರಿಕೆಯ ಹಲವು ವರ್ಷಗಳ ಸಂಚಿಕೆಗಳನ್ನು ಸೆಣಬಿನ ದಾರದಿಂದ ಕಟ್ಟಿ ಇಟ್ಟಿದ್ದರು. ಬೇಸಿಗೆಯ ರಜೆಯಲ್ಲಿ ಮಾವಿನಕಾಯಿ ಹಣ್ಣಿಗೆ ಹಾಕಲು ಅಟ್ಟ ಹತ್ತಿದಾಗ ಆ ಕಟ್ಟುಗಳ ಮೇಲೆ ಕೂತು ಉಪ್ಪಿನೊಂದಿಗೆ ಕಾಯಿ ತಿಂದವರು ನಾವು, ತೆರೆದು ಓದಿದವರಲ್ಲ.

ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಾನೂನು ಓದಿ, ವಿಜಾಪುರದಲ್ಲಿ ವಕೀಲಿ ಮಾಡಿದವರು. ಮಠಗಳಲ್ಲಿ, ಮನೆಗಳ ದೇವರ ಜಗುಲಿಗಳಲ್ಲಿ ಪೂಜೆಗೊಳ್ಳುತ್ತ, ಯಾರೂ ಓದದೆ ಹುಳು ಹಿಡಿಯುತ್ತಿದ್ದ ವಚನಗಳ ತಾಡವೋಲೆಗಳನ್ನು ಅವರು ಊರೂರು ಅಲೆದು ಕೂಡಿಹಾಕಿದರು. ಓಲೆ ಕೊಡಲು ಜನ ಒಪ್ಪುತ್ತಿರಲಿಲ್ಲ. ಪೂಜೆಯ ವಸ್ತುವನ್ನು ವಕೀಲನ ಕೈಗೆ ಹೇಗೆ ಕೊಡುವುದು? ಬೇಡಿ, ನಂಬಿಸಿ, ಪ್ರತಿ ಮಾಡಿಕೊಳ್ಳುತ್ತ ಹೋದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಆದರೆ ಅವರ ಬಳಿ ಇದ್ದದ್ದು ಒಂದು ಪುಸ್ತಕದಲ್ಲಿ ಹಿಡಿಯುವ ಸರಕಲ್ಲ. ಪರರ ಮುದ್ರಣಾಲಯಗಳನ್ನು ನೆಚ್ಚಿಕೊಂಡರೆ ಆಯುಷ್ಯ ಸಾಲದೆಂದು ತಿಳಿದು, ಇದ್ದ ಮನೆಯನ್ನು ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಬಂತು. ಮುಂದೆ ಬಾಡಿಗೆ ಮನೆಯಲ್ಲಿದ್ದುಕೊಂಡು ಮೂರು ದಶಕಗಳಿಗೂ ಮಿಕ್ಕು ಆ ಪತ್ರಿಕೆಯನ್ನು ನಡೆಸಿದರು. ಇನ್ನೂರಕ್ಕೂ ಹೆಚ್ಚು ವಚನಕಾರರ ಹೆಸರು ಕನ್ನಡ ಜನಕ್ಕೆ ತಿಳಿದುದು ಅವರ ದುಡಿಮೆಯಿಂದ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ನೀಡಿತು. 1964ರಲ್ಲಿ ಅವರು ತೀರಿಕೊಂಡರು.

ಈ ಕಥೆಯ ಇನ್ನೊಂದು ತುದಿ ನಾವಿರುವ ದೇಶದಲ್ಲಿದೆ. ಹಳಕಟ್ಟಿಯವರು ಹಾಕಿದ ದಾರಿಯಲ್ಲಿ ಶಿ. ಶಿ. ಬಸವನಾಳರು ಬಸವಣ್ಣನವರ ವಚನಗಳನ್ನು ಶಾಸ್ತ್ರೀಯವಾಗಿ ಸಂಪಾದಿಸಿದರು. ಶಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಮೈಸೂರಿನ ಎ. ಕೆ. ರಾಮಾನುಜನ್ 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಎಂಬ ಅನುವಾದವನ್ನು ಹೊರತಂದಾಗ ಬಸವಣ್ಣನವರ ವಚನಗಳಿಗೆ ಆಧಾರವಾಗಿಟ್ಟುಕೊಂಡದ್ದು ಬಸವನಾಳರ ಆವೃತ್ತಿಯನ್ನು. ಇಂದು ಅಮೆರಿಕೆಯ ಕಾಲೇಜಿನ ಹುಡುಗನೊಬ್ಬ ಅಲ್ಲಮನನ್ನೋ ಅಕ್ಕನನ್ನೋ ಇಂಗ್ಲಿಷಿನಲ್ಲಿ ಓದುತ್ತಿದ್ದರೆ ಆ ಓದಿನ ಹಿಂದೆ ವಿಜಾಪುರದಲ್ಲಿ ಮಾರಿಹೋದ ಒಂದು ಮನೆಯಿದೆ.

ನಮ್ಮ ಅಜ್ಜನವರ ಕಟ್ಟುಗಳ ಗತಿಯನ್ನೂ ಹೇಳಿಬಿಡಬೇಕು. ಅವರು ತೀರಿಕೊಂಡ ಮೇಲೆ ಮನೆ ರಿಪೇರಿಯಾಯಿತು. ಆಗ ನಾವು ರೆಸಿಡೆನ್ಸಿಯಲ್ಲಿದ್ದೆವು. ಅಟ್ಟದ ಮೇಲಿನ ಕಾಗದವೆಲ್ಲ ರದ್ದಿಗೆ ಹೋಯಿತೆಂದು ಅವ್ವ ಫೋನಿನಲ್ಲಿ ಹೇಳಿದಳು. "ನಿನ್ನ ಹಳೇ ಮೆಡಿಕಲ್ ಪುಸ್ತಕ ಮಾತ್ರ ತೆಗೆದು ಇಟ್ಟೀನಪ್ಪಾ" ಎಂದು ಸಮಾಧಾನ ಮಾಡಿದಳು. ತಪ್ಪು ಅವಳದಲ್ಲ. ಆ ಕಟ್ಟು ಬೇಕೆಂದು ನಾವು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ವಿಶ್ವವಿದ್ಯಾಲಯಗಳ ಹೊರಗೆ ನಿಂತು ವಿದ್ವತ್ತನ್ನು ಬೆಳೆಸಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳನ್ನೂ ನೆನೆಯಬೇಕು. ಬಿ.ಎ. ಪದವಿಯನ್ನು ಪೂರ್ಣಗೊಳಿಸದ ಅವರು ಕಡಲತಡಿಯ ಮನೆಯಲ್ಲಿ ಕುಳಿತು, ಹಲವು ಭಾಷೆಗಳನ್ನು ಕಲಿತು, ಕಾಲನಿರ್ಣಯದ ತೊಡಕುಗಳನ್ನು ಬಿಡಿಸುತ್ತ ಪತ್ರಿಕೆಗಳಿಗೆ ಬರೆದರು. ಅಂಚೆಯಣ್ಣನೇ ಅವರ ವಿಶ್ವವಿದ್ಯಾಲಯ. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ, 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ, ಹೀಗೆ ಸಂಸ್ಥೆಗಳು ಬೆಳೆದವು. ಅವುಗಳ ಪ್ರಕಟಣೆಗಳನ್ನು ಎಣಿಸುತ್ತ ಹೋದರೆ ಹೊತ್ತು ಸಾಲದು.

ವೇದಿಕೆ ದೊರೆತ ಮಾತ್ರಕ್ಕೆ ಮಾತಾಡುವುದು ಸುಲಭವಾಗುತ್ತದೆಯೇ? ನಾವು ಹುಬ್ಬಳ್ಳಿಯಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಗ, 1989ರಲ್ಲಿ, ಧಾರವಾಡದ ಎಂ. ಎಂ. ಕಲಬುರ್ಗಿಯವರ 'ಮಾರ್ಗ' ಸಂಪುಟದ ಕೆಲವು ಬರಹಗಳ ಮೇಲೆ ದೊಡ್ಡ ಗದ್ದಲವೆದ್ದಿತು. ಶರಣರ ಚರಿತ್ರೆಯನ್ನು ಕುರಿತ ಅವರ ಕೆಲವು ನಿಲುವುಗಳು ಅನೇಕರ ಮನಸ್ಸನ್ನು ನೋಯಿಸಿದ್ದವು. ಒತ್ತಡ ಹೆಚ್ಚಿ, ಅವರು ಆ ಮಾತುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಾಸ್ಟೆಲಿನ ಚಹದ ಅಂಗಡಿಯಲ್ಲಿ ಪೇಪರು ಓದುತ್ತ ನಾವೆಲ್ಲ ಪರ ವಿರೋಧ ಮಾತಾಡಿದೆವು. ನಮ್ಮಲ್ಲಿ ಒಬ್ಬನೂ ಆ ಲೇಖನವನ್ನು ಓದಿರಲಿಲ್ಲ! ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕಲಬುರ್ಗಿಯವರು ಬರೆಯುವುದನ್ನು ಬಿಡಲಿಲ್ಲ. 1993ರಲ್ಲಿ ಹದಿನೈದು ಸಂಪುಟಗಳ 'ಸಮಗ್ರ ವಚನ ಸಂಪುಟ' ಅವರ ಪ್ರಧಾನ ಸಂಪಾದಕತ್ವದಲ್ಲಿ ಬಂತು. 'ಮಾರ್ಗ'ದ ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು. ಅವರ ನಿಲುವುಗಳೆಲ್ಲ ಸರಿಯೆಂದು ಹೇಳುವ ಅರ್ಹತೆ ನಮಗಿಲ್ಲ. ಫ್ಲೀಟ್ ಪಾಠಕರಿಗೆ ಉತ್ತರ ಕೊಟ್ಟದ್ದು ಒಂದು ಲೇಖನದಿಂದ ಎಂಬುದನ್ನು ಮಾತ್ರ ತಮ್ಮ ನೆನಪಿಗೆ ತರುತ್ತೇವೆ.

ಇನ್ನು ಇಂದಿನ ಕಾಲದ ಒಂದು ರೋಗದ ಬಗ್ಗೆ ಎರಡು ಮಾತು. ವೈದ್ಯರಿಗೆ ಇದರ ಲಕ್ಷಣಗಳು ಚೆನ್ನಾಗಿ ಗೊತ್ತು. ಬಡ್ತಿಗೆ, ಪದವಿಗೆ ಇಷ್ಟು ಲೇಖನ ಪ್ರಕಟವಾಗಿರಬೇಕೆಂಬ ನಿಯಮ ಬಂದಾಗ, ಹಣ ತೆತ್ತರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ಇದನ್ನು ತಡೆಯಲು ಭಾರತದ ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಮಾನ್ಯ ಪತ್ರಿಕೆಗಳ ಹೊಸ ಪಟ್ಟಿಯೊಂದನ್ನು ಏರ್ಪಡಿಸಿತು. 2025ರಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಗಳ ಯೋಗ್ಯತೆಯನ್ನು ಆಯಾ ಸಂಸ್ಥೆಗಳೇ ತೂಗಿ ನೋಡಲಿ ಎಂದಿತು. ಪಟ್ಟಿ ಇದ್ದಾಗ ಪಟ್ಟಿಯ ಕಾಟ, ಇಲ್ಲದಾಗ ಇಲ್ಲದ ಕಾಟ. ಪಟ್ಟಿ ನೋಡಿ ಲೇಖನ ಕಳಿಸುವವರು ಹೆಚ್ಚಾಗಿ, ಪತ್ರಿಕೆ ಓದುವವರು ಕಡಿಮೆಯಾದದ್ದೇ ನಮ್ಮ ದೃಷ್ಟಿಯಲ್ಲಿ ಮೂಲ ವ್ಯಾಧಿ.

ಇದರ ರುಚಿ ನಮಗೂ ಸಿಕ್ಕಿದೆ. ವಿಜಯನಗರದ ಆರಂಭಕಾಲದಲ್ಲಿ ಮಂಗರಾಜನೆಂಬ ಜೈನಕವಿ 'ಖಗೇಂದ್ರಮಣಿದರ್ಪಣ' ಎಂಬ ವಿಷವೈದ್ಯದ ಗ್ರಂಥವನ್ನು ಕನ್ನಡದಲ್ಲಿ ಬರೆದ. ಸ್ಥಾವರ ಜಂಗಮ ವಿಷಗಳ ಲಕ್ಷಣ, ಚಿಕಿತ್ಸೆ ಎಲ್ಲವೂ ಪದ್ಯದಲ್ಲಿ. ಮದರಾಸು ವಿಶ್ವವಿದ್ಯಾನಿಲಯ 1942ರಲ್ಲಿ ಅದನ್ನು ಪ್ರಕಟಿಸಿತು. ಹಾವು ಕಡಿದವರನ್ನು ಹುಬ್ಬಳ್ಳಿಯ ವಾರ್ಡಿನಲ್ಲಿ ರಾತ್ರಿಯಿಡೀ ಕಾದ ನಮಗೆ ಆ ಗ್ರಂಥದ ಲಕ್ಷಣವಿವರಣೆಯನ್ನು ಓದಿದಾಗ ಮೈ ಜುಮ್ಮೆಂದಿತು. ಎರಡು ವರ್ಷ ಬಿಡುವಿನ ವೇಳೆಯಲ್ಲಿ ದುಡಿದು ಒಂದು ಪ್ರಬಂಧ ಬರೆದೆವು. ವೈದ್ಯಕೀಯ ಪತ್ರಿಕೆಯೊಂದು, ಇದು ಸಾಹಿತ್ಯ ಎಂದು ಮರಳಿಸಿತು. ಸಾಹಿತ್ಯದ ಪತ್ರಿಕೆಯೊಂದು, ಇದು ವೈದ್ಯಕ ಎಂದು ಮರಳಿಸಿತು. ಮೂರನೆಯದೊಂದು ಮೂರೇ ದಿನದಲ್ಲಿ ಒಪ್ಪಿಕೊಂಡು, ನಮ್ಮ ಪ್ರಬಂಧವನ್ನು ಬಾಯಿತುಂಬ ಹೊಗಳಿ, ಕೆಳಗೆ ಹಣದ ಬಿಲ್ಲನ್ನು ಲಗತ್ತಿಸಿತ್ತು. ಹೊಗಳಿಕೆಯಲ್ಲಿ ನಮ್ಮ ಪ್ರಬಂಧದ ವಿಷಯ ಸಸ್ಯಶಾಸ್ತ್ರವೆಂದು ಬರೆದಿತ್ತು!

ಕೊನೆಗೆ ಅದು ಅಚ್ಚಾದದ್ದು ನಮ್ಮ ಸಂಘದ ಈ ವಾರ್ತಾಪತ್ರಿಕೆಯಲ್ಲಿಯೇ, ಯುಗಾದಿಯ ಅಡುಗೆ ಸ್ಪರ್ಧೆಯ ಫಲಿತಾಂಶದ ಹಿಂದಿನ ಪುಟದಲ್ಲಿ. ಸದಸ್ಯರೊಬ್ಬರು ಊರಿಗೆ ಹೋಗುವಾಗ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಹೋದರಂತೆ. ನಾಲ್ಕು ತಿಂಗಳ ಮೇಲೆ ಅವರ ಊರಿನ ನಿವೃತ್ತ ಕನ್ನಡ ಪಂಡಿತರೊಬ್ಬರಿಂದ ನಮಗೆ ಕಾಗದ ಬಂತು. ಖಗೇಂದ್ರಮಣಿದರ್ಪಣದ ಮಂಗರಾಜನೇ ನಿಘಂಟನ್ನೂ ಬರೆದನೆಂದು ನಾವು ಬರೆದುಬಿಟ್ಟಿದ್ದೆವು. ಆ ಮಂಗರಾಜ ಬೇರೆ, ಈ ಮಂಗರಾಜ ಬೇರೆ, ಸೂಪಶಾಸ್ತ್ರ ಬರೆದ ಮೂರನೆಯ ಮಂಗರಸನೂ ಒಬ್ಬನಿದ್ದಾನೆ, ಆರ್. ನರಸಿಂಹಾಚಾರ್ಯರ 'ಕವಿಚರಿತೆ'ಯನ್ನು ತೆರೆದು ನೋಡದೆ ಲೇಖನಿ ಹಿಡಿಯುವುದು ವೈದ್ಯರಿಗೂ ತರವಲ್ಲ ಎಂದು ಅವರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಎರಡು ಪತ್ರಿಕೆಗಳು ಮರಳಿಸಿದವು, ಒಂದು ಹೊಗಳಿತು; ತಪ್ಪು ಹಿಡಿದವರು ಇವರೊಬ್ಬರೇ.

ಆದ್ದರಿಂದ, ಮಗಳೇ, ನಿನ್ನ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ಮ್ಯಾಡಿಸನ್ನಿನಲ್ಲಿ ನಡೆಯುವ ದಕ್ಷಿಣ ಏಷ್ಯಾ ಸಮ್ಮೇಳನದಲ್ಲಿ ಓದು; 1971ರಿಂದ ನಡೆದುಬಂದ ಸಭೆ ಅದು, ಕೇಳುವವರು ಬಲ್ಲವರು. ಕನ್ನಡದ ಮೂಲವನ್ನು ಬೆಂಗಳೂರಿಗೂ ಹಂಪಿಗೂ ಕಳಿಸಿ ನೋಡು. ಉತ್ತರ ತಡವಾದರೆ ಬೇಸರಪಡಬೇಡ. ಈ ವಾರ್ತಾಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿನಗಾಗಿ ಇಡಬೇಕೆಂದು ಸಂಪಾದಕರನ್ನು ಕೇಳಿದ್ದೇವೆ, ಅವರು ಒಪ್ಪಿದ್ದಾರೆ. ಅದರ ಒಂದು ಪ್ರತಿಯನ್ನು ಆ ಪಂಡಿತರಿಗೆ ನಾವೇ ಅಂಚೆಯಲ್ಲಿ ಕಳಿಸುತ್ತೇವೆ. ಅವರಿಗೆ ನಾವು ಹೇಗೂ ಋಣಿಗಳು. ಮುಂದಿನ ಸಂಚಿಕೆಗಳನ್ನೂ ಕಳಿಸಬೇಕೆಂದು ಕೇಳಿ, ಅಂಚೆ ವೆಚ್ಚಕ್ಕೆಂದು ಆ ಕಾಗದದ ಮಡಿಕೆಯಲ್ಲಿ ಐವತ್ತು ರೂಪಾಯಿಯ ನೋಟೊಂದನ್ನು ಇಟ್ಟಿದ್ದರು.